ಬಕೆಟ್ ಗುರುತಿನ ಅಭ್ಯರ್ಥಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಸಿಡುಕಿ ಮಗಳಿಗೆ,

ಅಮ್ಮನ ಮುತ್ತುಗಳು. ನೀನು ಬರೆದ ಎರಡು ಪತ್ರಗಳೂ ಬಂದು ನನ್ನ ದಿಂಬಿನ ಕೆಳಗೆ ಬೆಚ್ಚಗೆ ಮಲಗಿವೆ. ಉತ್ತರ ಬರಲಿಲ್ಲವೆಂದು ನೀನು ಹಲ್ಲು ಕಡಿಯುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಕ್ಷಮಿಸು ಅನ್ನಬೇಕು, ಆದರೆ ತಪ್ಪು ನನ್ನದಲ್ಲ, ಮೇಜಿನದು. ಈ ಮನೆಯಲ್ಲಿ ಕೂತು ಬರೆಯಲು ಇರುವುದೇ ಒಂದು ಮೇಜು. ಅದರ ಮೇಲೆ ಎರಡು ತಿಂಗಳಿಂದ ನಿನ್ನಪ್ಪನ ಮುಖ ರಾಶಿ ಬಿದ್ದಿತ್ತು. ಕರಪತ್ರ, ಪೋಸ್ಟರು, ಅಂಗೈಯಗಲದ ಚೀಟಿ, ಎಲ್ಲದರಲ್ಲೂ ಅದೇ ನಗು. ಒಂದು ನಿನ್ನಪ್ಪನನ್ನು ಎತ್ತಿ ಪಕ್ಕಕ್ಕಿಟ್ಟರೆ ಕೆಳಗೆ ಇನ್ನೊಂದು ನಿನ್ನಪ್ಪ. ಒಬ್ಬನನ್ನು ಸಹಿಸುವುದಕ್ಕೇ ನನ್ನ ಅರ್ಧ ಆಯುಷ್ಯ ಹೋಯಿತು, ರಾಶಿಗಟ್ಟಲೆ ಬಂದರೆ ಎಲ್ಲಿಡಲಿ?

ನನ್ನ ಮಂಡಿ ನೋವು ಹಾಗೇ ಇದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಮನೆಯ ಸದಸ್ಯೆಯಂತೆ ಹೊಂದಿಕೊಂಡಿದೆ. ನಿನಗೆ ಹೊಸ ಮಾರ್ಗ ಕೊಟ್ಟಿದ್ದಾರೆ, ದೊಡ್ಡ ಬಸ್ಸು ಕೊಟ್ಟಿದ್ದಾರೆ ಎಂದು ಬರೆದಿದ್ದೀಯ. ಓದಿ ಎಷ್ಟು ಹಿಗ್ಗಿದೆನೆಂದರೆ ಅವತ್ತು ನಮ್ಮ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಮಸೂರದ ಅಂಚು ತಿಕ್ಕುತ್ತಾ ತಿಕ್ಕುತ್ತಾ ಒಂದನ್ನು ಫ್ರೇಮಿನಿಂದ ಉದುರಿ ಬೀಳುವಷ್ಟು ತಿಕ್ಕಿಬಿಟ್ಟೆ. ಗಿರಾಕಿಗೆ ಇನ್ನೊಂದು ಮಾಡಿಕೊಟ್ಟೆ ಬಿಡು. ನಿನ್ನ ಜೊತೆ ಕೆಲಸಕ್ಕೆ ಸೇರಿದ ಹುಡುಗಿ ಇನ್ನೂ ರಿವರ್ಸ್ ತೆಗೆಯಲು ಹೆದರುತ್ತಾಳಾ? ಹೆದರಬೇಡವೆಂದು ಹೇಳು. ಹಿಂದೆ ಹೋಗುವುದು ಎಲ್ಲರಿಗೂ ಕಷ್ಟವೇ.

ಈಗ ಸುದ್ದಿ. ನಿನ್ನಪ್ಪ ನಮ್ಮ ವಾರ್ಡಿನಿಂದ ಕೌನ್ಸಿಲರ್ ಚುನಾವಣೆಗೆ ನಿಂತಿದ್ದ.

ಹೌದು, "ನಿಂತಿದ್ದ" ಎಂದೇ ಬರೆದೆ. ಮದುವೆಯಾದಾಗಿನಿಂದ ಬಹುವಚನದಲ್ಲೇ ಕರೆದ ಬಾಯಿ ಇದು. ಈ ಪತ್ರದುದ್ದಕ್ಕೂ ಏಕವಚನ ಬಂದರೆ ಗಾಬರಿಯಾಗಬೇಡ. ಪೆನ್ನು ತಾನಾಗಿಯೇ ಇಳಿದುಬಿಟ್ಟಿದೆ, ನಾನೂ ಹತ್ತಿಸಲು ಹೋಗಿಲ್ಲ.

ಯಾಕೆ ನಿಂತ ಎಂದು ಕೇಳುತ್ತೀಯ. ಭಾಷಣದಲ್ಲಿ "ಜನಸೇವೆಯ ತುಡಿತ" ಎಂದ. ನಿಜ ಏನೆಂದರೆ, ಕಳೆದ ವರ್ಷ ಪುರಸಭೆಯವರು ನಮ್ಮ ಅಂಗಡಿಯ ಮುಂದೆ ಒಂದು ಬಸ್ ತಂಗುದಾಣ ಕಟ್ಟಿದರು. ಅದರ ತಗಡಿನ ಸೂರು ಸರಿಯಾಗಿ ನಮ್ಮ ಬೋರ್ಡಿಗೆ ಅಡ್ಡ ಬಂತು. "ಕನ್ನಡಕ" ಎಂಬ ಪದದಲ್ಲಿ "ಕ" ಮಾತ್ರ ಹೊರಗೆ ಕಾಣುತ್ತದೆ. ನಿನ್ನಪ್ಪ ಹಾಲಿ ಕೌನ್ಸಿಲರ್ ಹತ್ತಿರ ಹೋದ. ಅವನು ಟೈಲ್ಸ್ ವ್ಯಾಪಾರಿ. ಊರಿನ ಪಾದಚಾರಿ ಮಾರ್ಗಗಳೆಲ್ಲ ಅವನ ಟೈಲ್ಸಿನಿಂದಲೇ ಹಾಸಿದ್ದು, ಅವನ ಟೈಲ್ಸ್ ಆದ್ದರಿಂದಲೇ ಎದ್ದದ್ದು. ಅವನು ತನ್ನ ಗೋದಾಮಿನಲ್ಲಿ ಕೂತು ಹಲ್ಲು ಕಿಸಿದು, "ಬೋರ್ಡ್ ಕಾಣಲ್ವಾ? ಹಂಗಾದ್ರೆ ಜನಕ್ಕೆ ಒಳ್ಳೆ ಕನ್ನಡಕ ಮಾಡ್ಕೊಡಿ ಸ್ವಾಮಿ, ನಿಮ್ಮ ಕೆಲ್ಸ ತಾನೆ?" ಎಂದನಂತೆ. ಸುತ್ತ ಇದ್ದವರೆಲ್ಲ ನಕ್ಕರಂತೆ. ನಿನ್ನಪ್ಪ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಸೋಫಾದ ಮೇಲೆ ಕೂತು, "ನಾನೇ ನಿಲ್ತೀನಿ" ಎಂದ. ನಾನು ಎಲ್ಲೋ ಸರದಿಯಲ್ಲಿ ನಿಲ್ಲಬೇಕೇನೋ ಎಂದುಕೊಂಡು ಚಹಾ ಕೊಟ್ಟೆ.

ಮಾರನೆಯ ದಿನ ನಿನ್ನ ಸೋದರಮಾವ ಪ್ರತ್ಯಕ್ಷನಾದ. ನನ್ನ ಒಡಹುಟ್ಟಿದವನು, ಬೈದರೆ ನನಗೇ ಬೈದುಕೊಂಡಂತೆ, ಆದರೂ ಬೈಯುತ್ತೇನೆ. ಇಷ್ಟು ವರ್ಷ ವಿಮೆ ಮಾರಿದವನು. ನೀನು ಚಿಕ್ಕವಳಿದ್ದಾಗ ಅವನಿಗೆ "ಪಾಲಿಸಿ ಮಾವ" ಎಂದು ಹೆಸರಿಟ್ಟಿದ್ದೆಯಲ್ಲ, ಅದಕ್ಕಿಂತ ಸರಿಯಾದ ಹೆಸರು ಅವನ ಹೆತ್ತವರಿಗೂ ಹೊಳೆದಿರಲಿಲ್ಲ. ಯಾರಾದರೂ ಎದುರಿಗೆ ಕೆಮ್ಮಿದರೆ ಉಳಿದವರು ನೀರು ಕೊಡುತ್ತಾರೆ, ಅವನು ಬ್ರೋಷರ್ ಕೊಡುತ್ತಾನೆ. "ಭಾವ, ನೀವು ಮುಖ ತೋರ್ಸಿ ಸಾಕು, ಮಿಕ್ಕಿದ್ದು ನನಗೆ ಬಿಡಿ" ಎಂದ. ನಿನ್ನಪ್ಪನ ಮುಖದಲ್ಲಿ ತೋರಿಸುವಂಥದ್ದು ಏನಿದೆ ಎಂದು ನಾನು ಕೇಳಿದ್ದಕ್ಕೆ ಇಬ್ಬರೂ ನನ್ನನ್ನು ಒಳಗೆ ಕಳಿಸಿದರು.

ಚುನಾವಣೆಯ ಗುರುತಿನ ಕಥೆ ಕೇಳು. ಸಹಜವಾಗಿಯೇ ನಿನ್ನಪ್ಪ ಕನ್ನಡಕ ಕೇಳಿದ. ಅದನ್ನು ಆಗಲೇ ನಿವೃತ್ತ ಡ್ರಿಲ್ ಮೇಷ್ಟ್ರು ತೆಗೆದುಕೊಂಡುಬಿಟ್ಟಿದ್ದರು. ಅವರು ಬದುಕಿನಲ್ಲಿ ಒಮ್ಮೆಯೂ ಕನ್ನಡಕ ಹಾಕಿದವರಲ್ಲ. ಉಳಿದ ಗುರುತುಗಳಲ್ಲಿ ಚೀಟಿ ಎತ್ತಿದರು. ನಿನ್ನಪ್ಪನಿಗೆ ಬಂದದ್ದು ಬಕೆಟ್.

ನೀನು ಈಗ ನಗುತ್ತಿದ್ದೀಯ. ನಾನೂ ನಕ್ಕೆ. ಚುನಾವಣಾ ಕಚೇರಿಯ ಗುಮಾಸ್ತನೂ ತಲೆ ತಗ್ಗಿಸಿಕೊಂಡು ನಕ್ಕನಂತೆ. ಊರಿನ ಪಡ್ಡೆಗಳಿಗಂತೂ ಹಬ್ಬ. ವ್ಯಾನಿನ ಮೇಲೆ ಮೈಕು ಕಟ್ಟಿಕೊಂಡು "ಬಕೆಟ್ ಗುರುತಿಗೆ ನಿಮ್ಮ ಮತ" ಎಂದು ಕೂಗಿಕೊಂಡು ಹೊರಟರೆ, ಮೂಲೆಯ ಚಹಾ ಅಂಗಡಿಯಿಂದ, "ಸಾರ್, ಯಾರಿಗೆ ಹಿಡೀತಿದೀರಾ?" ಎಂದು ಕೇಳುತ್ತಿದ್ದರು. ನಿನ್ನಪ್ಪನಿಗೆ ಆ ಮಾತಿನ ಅರ್ಥ ಮೂರು ದಿನ ಗೊತ್ತಾಗಲಿಲ್ಲ. "ನೀರು ಹಿಡಿಯೋದಾ? ನಲ್ಲಿ ಸಮಸ್ಯೆನಾ?" ಎಂದು ಗಂಭೀರವಾಗಿ ಉತ್ತರ ಕೊಡುತ್ತಿದ್ದ. ಗೊತ್ತಾದ ಮೇಲೂ ನಾಚಿಕೆಯಾಗಲಿಲ್ಲ. ಅಷ್ಟರಲ್ಲಿ ಹಿಡಿಯಲು ಶುರುಮಾಡಿಬಿಟ್ಟಿದ್ದನಲ್ಲ!

ಮನೆಮನೆಗೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋದರು. "ಅಕ್ಕ ಜೊತೆಗಿದ್ರೆ ಹೆಂಗಸ್ರು ಬಾಗ್ಲು ತೆಗೀತಾರೆ" ಎಂದು ನಿನ್ನ ಮಾವನ ಲೆಕ್ಕ. ತೆಗೆದರು. ತೆಗೆಯದಿದ್ದರೇ ಚೆನ್ನಾಗಿತ್ತು. ನಮ್ಮ ವಾರ್ಡಿನ ಮತದಾರ ಬಂಧುಗಳ ಬಗ್ಗೆ ನನಗೆ ಇದ್ದ ಅಲ್ಪಸ್ವಲ್ಪ ಗೌರವವೂ ಆ ಬಾಗಿಲುಗಳಲ್ಲೇ ಕಳೆದುಹೋಯಿತು. ಒಬ್ಬ ತನ್ನ ಕಾರು ನಿಲ್ಲಿಸಲು ಪಕ್ಕದ ಮನೆಯವರ ಮರ ಕಡಿಸಿಕೊಡಿ ಎಂದ. ಪಕ್ಕದ ಮನೆಯವರು ಅದೇ ಮರದ ನೆರಳಿಗೆ ಅವನ ಕಾರು ಬರದಂತೆ ಮಾಡಿಕೊಡಿ ಎಂದರು. ನಿನ್ನಪ್ಪ ಇಬ್ಬರಿಗೂ "ಖಂಡಿತ" ಎಂದ. ಮೂರನೇ ಮಹಡಿಯ ನಿವೃತ್ತ ಅಧಿಕಾರಿಯೊಬ್ಬರು ದೇಶ ಎಲ್ಲಿಗೆ ಹೋಗುತ್ತಿದೆ ಎಂದು ನಮ್ಮನ್ನು ನಿಲ್ಲಿಸಿಕೊಂಡು ಹೇಳಿ ಹೇಳಿ, ಕೊನೆಗೆ ತಾನು ವೋಟು ಹಾಕುವುದೇ ಇಲ್ಲ ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಇವರಿಗೆ ನಿನ್ನಪ್ಪನೇ ಸರಿ ಎಂದು ಒಂದು ಗಳಿಗೆ ನನಗೂ ಅನ್ನಿಸಿತು.

ಪ್ರತಿ ಬಾಗಿಲಲ್ಲೂ ಅವನದು ಒಂದೇ ಮಾತು: "ನಾನು ಕನ್ನಡಕದೋನು, ನನಗೆ ದೂರದೃಷ್ಟಿ ಇದೆ." ಮನೆಗೆ ಬಂದು ತನ್ನ ಓದುವ ಕನ್ನಡಕ ಎಲ್ಲಿ ಎಂದು ಹುಡುಕುತ್ತಿದ್ದ, ಅದು ಹಣೆಯ ಮೇಲೇ ಇರುತ್ತಿತ್ತು. ನಾನು ಹೇಳುತ್ತಿರಲಿಲ್ಲ.

ಆ ಬೀದಿಗಳಲ್ಲೆಲ್ಲ ನಾನು ಮರ್ಯಾದೆ ಕೊಡುವುದು ಒಂದೇ ಮನೆಗೆ. ನಮ್ಮ ಎದುರಿನ ಟೈಲರಮ್ಮನ ಮನೆ. ನೀನು ಅವಳನ್ನು ನೋಡಿಲ್ಲ. ನೀನು ಕೆಲಸಕ್ಕೆ ಸೇರಿ ಆ ಊರಿಗೆ ಹೋದ ಮೇಲೆ ತಾನೇ ನಾವು ಮನೆ, ಅಂಗಡಿ ಎಲ್ಲ ಕಿತ್ತುಕೊಂಡು ಈ ವಾರ್ಡಿಗೆ ಬಂದದ್ದು. ನಿನ್ನಪ್ಪ "ಮಗಳು ಬಸ್ಸು ಓಡಿಸುತ್ತಾಳೆ ಎಂದು ಗೊತ್ತಿರುವ ಬೀದಿಯಲ್ಲಿ ನಾನಿರಲ್ಲ" ಎಂದು ಹಟ ಹಿಡಿದದ್ದು ನಿನಗೆ ಗೊತ್ತೇ ಇದೆ. ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಜೊತೆ ಮಾತಾಡಿದವಳು ಅವಳೊಬ್ಬಳೇ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಕೂತಿರುತ್ತಾಳೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ, ಹೀಗಾಗಿ ಸುಳ್ಳು ಹೇಳುವಷ್ಟು ಉದ್ದ ಮಾತು ಅವಳಿಂದ ಆಗುವುದಿಲ್ಲ. ಅವಳ ಮಗಳು ಶಾಲೆಯಿಂದ ಬರುವಾಗ ಮುಖ್ಯರಸ್ತೆಯ ಕ್ರಾಸಿಂಗಿನಲ್ಲಿ ಲಾರಿ ಬಡಿದು ತೀರಿಕೊಂಡಳು. ಹತ್ತು ವರ್ಷದ ಮಗು. ಅದು ನಾವು ಇಲ್ಲಿಗೆ ಬರುವ ಮೊದಲಿನ ಮಾತು. ಅದಕ್ಕೂ ಮುಂಚೆ, ಆಮೇಲೆ, ಅಲ್ಲಿ ಜೀವ ಕಳೆದುಕೊಂಡ ಮಕ್ಕಳು ಬೇರೆಯೂ ಇದ್ದಾರೆ.

ಪ್ರಚಾರಕ್ಕೆ ಅವಳ ಮನೆಗೆ ಹೋಗುವುದು ಬೇಡ ಎಂದೆ. ಕೇಳಲಿಲ್ಲ. ಗೋಡೆಯ ಮೇಲೆ ಮಗುವಿನ ಫೋಟೋ ನೋಡಿ ನಿನ್ನ ಮಾವ, "ಮಗಳಾ? ಯಾವ ಶಾಲೆ?" ಎಂದ. ಅವಳು ಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟು ವಿಷಯ ಹೇಳಿದಳು. ಆಗ ನಿನ್ನ ಮಾವನ ಕಣ್ಣು ನೋಡಬೇಕಿತ್ತು. ದುಃಖವಲ್ಲ. ಎದುರಿನವನು ಕೆಮ್ಮಿದಾಗ ಬರುವ ಅದೇ ಹೊಳಪು.

ನಿನ್ನಪ್ಪ ಏನೋ ಒಂದು ಹೇಳಬೇಕಲ್ಲ, "ಕಾಲ ಎಲ್ಲ ಮರೆಸುತ್ತೆ ತಾಯಿ" ಎಂದ.

"ಮರೆಸಲ್ಲ. ಅಲ್ಲಿ ಒಂದು ಮೇಲುಸೇತುವೆ ಕಟ್ಟಿಸ್ತೀರಾ?" ಎಂದಳು ಅವಳು. "ಕಟ್ಟಿಸ್ತೀನಿ ಅಂದ್ರೆ ವೋಟ್ ಹಾಕ್ತೀನಿ. ಇಲ್ಲಾಂದ್ರೆ ಇಲ್ಲ. ಬೇರೆ ಏನೂ ಮಾತು ಬೇಡ."

ಹೊರಗೆ ಬಂದು ಮೆಟ್ಟಿಲು ಇಳಿಯುವಷ್ಟರಲ್ಲೇ ಮಾವ ನಿನ್ನಪ್ಪನ ತೋಳು ಹಿಡಿದು, "ಭಾವ, ಬಸ್ ಸ್ಟಾಪ್ ಬಿಟ್ಟಾಕಿ. ಕ್ರಾಸಿಂಗ್ ಹಿಡೀರಿ. ಇದು ಓಡುತ್ತೆ" ಎಂದ. ಓಡುತ್ತದಂತೆ! ಮರುದಿನವೇ ಹೊಸ ಕರಪತ್ರ ಬಂತು. ತಂಗುದಾಣದ ವಿಷಯ ಮಾಯ. "ಇನ್ನೊಂದು ಮಗು ಸಾಯಬಾರದು" ಎಂದು ದಪ್ಪಕ್ಷರ, ಅದರ ಕೆಳಗೆ ನಗುವ ನಿನ್ನಪ್ಪ, ಅದರ ಕೆಳಗೆ ಬಕೆಟ್. ಇಷ್ಟಾದರೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಯಾವ ಮೂರ್ಖನ ಕೈಯಿಂದಾದರೂ ಸರಿ, ಸೇತುವೆ ಆದರೆ ಆಗಲಿ ಎಂದುಕೊಂಡೆ. ಮಕ್ಕಳು ದಾಟುವಾಗ ಕಟ್ಟಿಸಿದವನ ಯೋಗ್ಯತೆ ಕೇಳುತ್ತಾರೆಯೇ?

ಆದರೂ ಗಾಳಿ ನಮ್ಮ ಕಡೆ ಇರಲಿಲ್ಲ. ಟೈಲ್ಸಿನವನು ತಾನೂ ಸೇತುವೆ ಕಟ್ಟಿಸುತ್ತೇನೆ, ಅದಕ್ಕೆ ಟೈಲ್ಸ್ ಬೇರೆ ಹಾಸುತ್ತೇನೆ ಎಂದ. ಡ್ರಿಲ್ ಮೇಷ್ಟ್ರು ಪ್ರತಿ ಬೆಳಿಗ್ಗೆ ಕ್ರಾಸಿಂಗಿನಲ್ಲಿ ಸೀಟಿ ಊದುತ್ತಾ ಮಕ್ಕಳನ್ನು ದಾಟಿಸತೊಡಗಿದರು. ಮೂವರಲ್ಲಿ ಕೆಲಸ ಅಂತ ಮಾಡಿದವರು ಅವರೊಬ್ಬರೇ. ಪಾಪ, ಅವರ ಠೇವಣಿ ಹೋಯಿತು. ಕೊನೆಯ ವಾರದಲ್ಲಿ ನಿನ್ನಪ್ಪ ಮುಖ ಕೆಂಪಗೆ ಮಾಡಿಕೊಂಡು, ಅಂಗಡಿಗೆ ಬಂದ ಗಿರಾಕಿಗಳಿಗೆ ಅಕ್ಷರದ ಪಟ್ಟಿ ಓದಿಸುವಾಗಲೂ, "ಕೊನೇ ಸಾಲು ಬಿಡಿ, ಯಾರಿಗೆ ವೋಟು ಹೇಳಿ" ಎನ್ನುತ್ತಿದ್ದ.

ಕೊನೆಯ ಸಭೆ ಶಾಲೆಯ ಸಭಾಂಗಣದಲ್ಲಿ. ಅರ್ಧ ಕುರ್ಚಿ ಖಾಲಿ. ಮುಂದಿನ ಸಾಲಿನಲ್ಲಿ ನಾನು, ನನ್ನ ಪಕ್ಕ ಟೈಲರಮ್ಮ. ನಿನ್ನಪ್ಪ ಎದ್ದು ಮಾತಾಡಿದ. ಆ ದಿನ ಚೆನ್ನಾಗಿಯೇ ಮಾತಾಡಿದ ಎಂದು ಎಲ್ಲರೂ ಹೇಳುತ್ತಾರೆ. ಜನ ಅತ್ತರು. ಬಾಗಿಲಲ್ಲಿ ನಿಂತು ಕಡಲೆ ತಿನ್ನುತ್ತಿದ್ದವರೂ ಒಳಗೆ ಬಂದು ಕೂತರು. ಸುದ್ದಿ ಬೀದಿಯಿಂದ ಬೀದಿಗೆ ಹರಡಿತು. ಆ ಭಾಷಣದ ವಿಷಯ ಇಲ್ಲಿ, ಇಷ್ಟು ತಮಾಷೆಯ ನಡುವೆ ಬರೆಯಲಾರೆ.

ಗೆದ್ದ. ಸಣ್ಣಪುಟ್ಟ ಗೆಲುವಲ್ಲ. ಟೈಲ್ಸಿನವನ ಸ್ವಂತ ಓಣಿಯಲ್ಲೂ ಬಕೆಟ್ಟೇ ಮುಂದೆ. ಎಣಿಕೆ ಮುಗಿಸಿ ಮನೆಗೆ ಬಂದಾಗ ನಿನ್ನಪ್ಪ ಮೆಟ್ಟಿಲ ಮೇಲೆ ನಿಂತು, ಕೆಳಗಿದ್ದ ಹತ್ತಿಪ್ಪತ್ತು ಜನರ ಕಡೆ ಕೈಯೆತ್ತಿದ. ಕೈಯೆತ್ತುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದನ್ನು ನಾನು ನೋಡಿದ್ದೆ. ಅವತ್ತಿನಿಂದ ಮನೆಯೆಂಬುದು ಹೋಟೆಲು. ನಿನ್ನೆಯವರೆಗೆ ಟೈಲ್ಸಿನವನ ಹಿಂದೆ ಚೀಲ ಹಿಡಿದು ಓಡಾಡುತ್ತಿದ್ದವರು ಇವತ್ತು ನಮ್ಮ ಸೋಫಾದ ಮೇಲೆ ಕೂತು, "ನಿಮ್ಮಂಥೋರು ಬೇಕಿತ್ತು ಸಾರ್" ಎನ್ನುತ್ತಾರೆ. ಮರ ಕಡಿಸುವವನೂ ಬಂದ, ಮರ ಉಳಿಸುವವನೂ ಬಂದ. ಇಬ್ಬರಿಗೂ ನಿನ್ನಪ್ಪ ಮತ್ತೆ "ಖಂಡಿತ" ಎಂದ. ನಾನು ಚಹಾ ಕೊಟ್ಟು ಕೊಟ್ಟು ಸಾಕಾಗಿ, ಮೊನ್ನೆಯಿಂದ ಕೊಡುವುದನ್ನೂ ನಿಲ್ಲಿಸಿದ್ದೇನೆ. ನಿನ್ನ ಮಾವನೇ ಮಾಡಿಕೊಡುತ್ತಾನೆ, ಕಲಗಚ್ಚಿನ ಹಾಗಿರುತ್ತದೆ. ಅವರೆಲ್ಲ ಅದನ್ನು ಹೊಗಳಿಕೊಂಡು ಕುಡಿಯುತ್ತಾರೆ. ಅಧಿಕಾರದ ರುಚಿಯೇ ಹಾಗಿರಬೇಕು.

ಪುರಸಭೆಯ ಮೊದಲ ಸಭೆ ಮುಗಿದಿದೆ. ಮೇಲುಸೇತುವೆಗೆ "ಪರಿಶೀಲನಾ ಸಮಿತಿ" ಮಾಡಿದ್ದಾರೆ. ಸಮಿತಿ ಎಂದರೆ ಏನೆಂದು ನಿನಗೆ ಗೊತ್ತು, ನಿಮ್ಮ ಡಿಪೋದಲ್ಲಿ ಹೆಂಗಸರ ಶೌಚಾಲಯಕ್ಕೂ ಒಂದು ಇತ್ತಲ್ಲ. ತಂಗುದಾಣವನ್ನು ಮಾತ್ರ ಸ್ಥಳಾಂತರಿಸಲು ಆದೇಶ ಆಗಿದೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಎರಡು ಪಾಳಿ ಒಟ್ಟಿಗೆ ಮಾಡಬೇಡ, ಸ್ಟೀರಿಂಗ್ ಹಿಡಿದ ಕೈಗೂ ದಣಿವಿರುತ್ತದೆ. ನಿನ್ನ ರೂಮಿನ ಗೆಳತಿಗೆ ನನ್ನ ನೆನಪು ಹೇಳು. ನೂರು ಕಾಲ ಸುಖವಾಗಿ ಬಾಳು, ನಿನ್ನ ದಾರಿಯಲ್ಲಿ ಯಾವ ಮುಳ್ಳೂ ಬಾರದಿರಲಿ, ಬಂದರೂ ನಿನ್ನ ಟೈರಿಗೆ ತಾಕದಿರಲಿ.

ನಿನ್ನನ್ನು ಹೆತ್ತದ್ದೊಂದೇ ಸರಿಯಾದ ಕೆಲಸ ಮಾಡಿದ,
ಅಮ್ಮ

ಮರೆತದ್ದು:

ಮರೆತಿಲ್ಲ. ಬರೆಯಲು ಆಗದೆ ಲಕೋಟೆಗೆ ಅಂಟು ಹಚ್ಚಲು ಹೋಗಿದ್ದೆ, ಮತ್ತೆ ಕೂತೆ. ನಾಳೆ ಇನ್ನಾರಿಂದಲೋ ನೀನು ಕೇಳುವುದು ಬೇಡ.

ಆ ಕೊನೆಯ ಸಭೆಯಲ್ಲಿ ನಿನ್ನಪ್ಪ ಹೀಗೆಂದ: "ಮಕ್ಕಳನ್ನ ಕಳ್ಕೊಂಡ ತಂದೆತಾಯಿಗಳ ಸಂಕಟ ನನಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ನನಗೂ ಒಬ್ಬಳು ಮಗಳಿದ್ದಳು. ರಸ್ತೆ ಅವಳನ್ನ ನನ್ನಿಂದ ಕಿತ್ಕೊಂಡಿತು." ಹೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಿನ್ನ ಮಾವ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ, ನೀನು ಮೊನ್ನೆ ಮೊನ್ನೆ ಸ್ವೆಟರ್ ಕಳಿಸಿದ ಅದೇ ಮಾವ.

ನಾನು ಏಳಬೇಕಿತ್ತು. ಅಷ್ಟರಲ್ಲಿ ಟೈಲರಮ್ಮ ನನ್ನ ಕೈ ಹಿಡಿದುಕೊಂಡಳು. "ಇಷ್ಟು ದಿನ ಹೇಳ್ಲೇ ಇಲ್ವಲ್ಲಾ ನೀವು, ಒಬ್ರೇ ನುಂಗ್ಕೊಂಡ್ರಾ" ಎಂದಳು. ನಿನ್ನ ಬಗ್ಗೆ ಯಾರು ಕೇಳಿದರೂ ನಾನು "ದೂರದಲ್ಲಿದ್ದಾಳೆ" ಎನ್ನುತ್ತಿದ್ದೆ. ಆ ಮಾತಿಗೆ ಇಡೀ ಬೀದಿ ಅವತ್ತು ಬೇರೆ ಅರ್ಥ ಮಾಡಿಕೊಂಡಿತು.

ಮನೆಗೆ ಬಂದು ಕೇಳಿದೆ. "ಸತ್ತಳು ಅಂದ್ನಾ ನಾನು? ರಸ್ತೆ ಕಿತ್ಕೊಂಡಿತು ಅಂದೆ. ಬಸ್ಸು ಓಡಿಸೋಕೆ ಹೋದಳು, ನನ್ನ ಪಾಲಿಗೆ ಇಲ್ಲ, ಸುಳ್ಳೇನಿದೆ ಇದರಲ್ಲಿ?" ಎಂದ. ಅಷ್ಟು ಹೇಳಿ ಊಟಕ್ಕೆ ಕೂತ. ಉಪ್ಪು ಕಡಿಮೆ ಎಂದ.

ಫಲಿತಾಂಶ ಬಂದ ಮೇಲೆ ಟೈಲರಮ್ಮನ ಮನೆಗೆ ಹೋಗಿ ನಿಜ ಹೇಳಿದೆ. ಮಗಳು ಇದ್ದಾಳೆ, ಚೆನ್ನಾಗಿದ್ದಾಳೆ, ಬಸ್ಸು ಓಡಿಸುತ್ತಾಳೆ ಎಂದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. "ಇದ್ದಾಳಾ? ಒಳ್ಳೇದಾಯ್ತು ಬಿಡಿ, ನೂರು ವರ್ಷ ಇರ್ಲಿ" ಎಂದಳು. ಮನಸಾರೆ ಅಂದಳು ಮಗಳೇ, ಅದರಲ್ಲಿ ಕಹಿ ಇರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ, "ಹಂಗಾದ್ರೆ ನಾನು ಯಾತಕ್ಕೆ ವೋಟ್ ಹಾಕ್ದೆ?" ಎಂದಳು. ಅವತ್ತಿನಿಂದ ಅವಳು ಕಿಟಕಿಯ ಪರದೆ ಸರಿಸಿಲ್ಲ.

ಉಳಿದವರಿಗೂ ಹೇಳಿದೆ, ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ನಿನ್ನ ಮಾವ ನನಗಿಂತ ಮುಂಚೆ ಹೋಗಿ, "ಅಕ್ಕನಿಗೆ ಆವಾಗಾವಾಗ ಹೀಗಾಗುತ್ತೆ, ಮಗಳು ಬದುಕಿದಾಳೆ ಅಂತಾರೆ, ಹೂಂ ಅಂದ್ಬಿಡಿ" ಎಂದು ಹೇಳಿಬಂದಿದ್ದ. ಎಲ್ಲರೂ ಹೂಂ ಎಂದರು. ಒಬ್ಬಾಕೆ ನನಗೆ ಕುರ್ಚಿ ಹಾಕಿ ನೀರು ಕೊಟ್ಟಳು.

ನನಗೆ ಶಕುನ, ಶಾಪ ಯಾವುದರಲ್ಲೂ ನಂಬಿಕೆಯಿಲ್ಲ, ನಿನಗೇ ಗೊತ್ತು. ಆದರೆ ಹೆತ್ತ ಅಪ್ಪನ ಬಾಯಲ್ಲಿ, ಮೈಕಿನಲ್ಲಿ ಆ ಮಾತು ಬಂದ ಮೇಲೆ ನೀನು ಗಾಡಿ ತೆಗೆಯುವ ಹೊತ್ತಾದರೆ ನನ್ನ ಕೈ ಕೆಲಸದ ಮೇಲೆ ನಿಲ್ಲುವುದಿಲ್ಲ. ಈ ಪತ್ರ ಮುಟ್ಟಿದ ದಿನ ಒಂದು ಫೋನು ಮಾಡು. ಅಪ್ಪ ಎತ್ತಿದರೆ ಇಡಬೇಡ, ಅವನ ಸೋಫಾದ ತುಂಬ ಜನ ಕೂತಿರುತ್ತಾರೆ. "ನಾನು, ನಿಮ್ಮ ಮಗಳು" ಅನ್ನು. ಅಷ್ಟು ಸಾಕು. ಆಮೇಲೆ ನನಗೆ ಕೊಡಲು ಹೇಳು.